ಮಧುಗಿರಿ ಬೆಟ್ಟದ ಅರ್ಧದಲ್ಲಿ ನಿಂತ ಕಥೆ

ಹೆದರಿ ಕೂತಿಲ್ಲ ಅಂತ ಹೇಳಿದೆನಲ್ಲ ರೀ! ಎಷ್ಟು ಸಲ ಹೇಳಬೇಕು? ನಮ್ಮ ಮನೆತನದಲ್ಲಿ ಹೆದರಿ ಕೂತವರು ಒಬ್ಬರೂ ಇಲ್ಲ. ಅದು ನಿಮಗೂ ಗೊತ್ತು, ಇಡೀ ಶಿರಾಕ್ಕೆ ಗೊತ್ತು. ನಮ್ಮ ದಾದಾ, ಅಬ್ಬಾನ ತಂದೆ, ಹುಣಸೇಹಣ್ಣಿನ ವ್ಯಾಪಾರ ಮಾಡುತ್ತಿದ್ದಾಗ ಪಾವಗಡದ ಕಡೆಯ ಗಾಡಿಗಳೆಲ್ಲ ಬಂದು ನಿಲ್ಲುತ್ತಿದ್ದದ್ದು ನಮ್ಮ ಬಾಗಿಲಲ್ಲಿ. ತೂಕದಲ್ಲಿ ಜಗಳ ಬಂದರೆ ಎರಡೂ ಕಡೆಯವರು 'ಸಾಹೇಬರು ಹೇಳಿದ ಹಾಗೆ' ಅಂತ ಒಪ್ಪಿಕೊಂಡು ಹೋಗುತ್ತಿದ್ದರು. ಅಬ್ಬಾ ನನ್ನನ್ನು ತುಮಕೂರಿನ ಕಾನ್ವೆಂಟಿಗೆ ಸೇರಿಸಿದಾಗ ಮೊಹಲ್ಲಾದಲ್ಲಿ ಎಷ್ಟು ಮಾತು ಬಂತು! ಅಬ್ಬಾ ಹೆದರಿದರಾ? ಇಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ನನಗೆ ಮೊದಲು ಕಲಿಸಿದ್ದೇ ಬೆನ್ನು ನೆಟ್ಟಗಿಟ್ಟು ನಡೆಯುವುದನ್ನು... ಏನು ನೋಡುತ್ತೀರಿ? ನನ್ನ ಬೆನ್ನು ಬಂಡೆಗೆ ಅಂಟಿಕೊಂಡಿದೆ ಅಂತಲಾ? ಅಂಟಿಕೊಂಡಿಲ್ಲ. ಒರಗಿದ್ದೇನೆ. ಒರಗುವುದು ಬೇರೆ.

ಯಾಕೆ ನಗುತ್ತೀರಿ?

ನಗಲಿಲ್ಲವಾ. ಸರಿ. ಗಡ್ಡ ಅಲುಗಿದ ಹಾಗಾಯಿತು. ಗಾಳಿ ಇರಬೇಕು... ಯಾ ಅಲ್ಲಾ, ಎಂಥ ಗಾಳಿ! ರೀ, ಅಲುಗಾಡಬೇಡಿ! ನೀವು ಅಲುಗಾಡಿದರೆ ಬಂಡೆಯೇ ಅಲುಗಾಡಿದ ಹಾಗೆ ಕಾಣುತ್ತದೆ. ಬನ್ನಿ, ನನ್ನ ಕೆಳಗಿನ ಮೆಟ್ಟಿಲಿನಲ್ಲಿ ಕೂತುಕೊಳ್ಳಿ, ಅಡ್ಡವಾಗಿ. ಸ್ವಲ್ಪ ಎಡಕ್ಕೆ. ಊರು ಇನ್ನೂ ಕಾಣುತ್ತಿದೆ. ಬಸ್ ಸ್ಟ್ಯಾಂಡ್ ಕಾಣುತ್ತಿದೆ, ಬಸ್ಸು ಬೆಂಕಿಪೊಟ್ಟಣದಷ್ಟಿದೆ! ಇನ್ನೂ ಎಡಕ್ಕೆ, ಇನ್ನೂ... ಹಾಂ. ಈಗ ಬರೀ ನಿಮ್ಮ ಶರಟು ಕಾಣುತ್ತದೆ. ಹಾಗೇ ಇರಿ.

ನೀರು ಬೇಡ. ನೀರು ಕುಡಿಯಬೇಕಾದರೆ ಈ ಕಂಬಿ ಬಿಡಬೇಕು.

ಯಾರದು ಮೇಲಿಂದ ಬರುತ್ತಿರುವುದು? ಮೆಲ್ಲಗೆ ಇಳಿಯಿರಪ್ಪ, ಇದೇನು ಆಟದ ಮೈದಾನವಾ? ಕೊರಟಗೆರೆ ಕಾಲೇಜಿನವರಾ? ಆಯಿತು, ಹೋಗಿ... ಏನಂದೆ? ಕೇಳಿದಿರೇನ್ರೀ? 'ಆಂಟಿ, ಕೆಳೀಕ್ ನೋಡ್ಬ್ಯಾಡಿ, ಕೂತ್ಕಂಡೇ ಜಾರ್ಕಂಡ್ ಬಂದ್ಬುಡಿ' ಅನ್ನುತ್ತಾನೆ! ಆಂಟಿ ಅಂತೆ! ಮೇಡಂ ಅನ್ನು. ನಾನು ಹೆಡ್‌ಮಿಸ್ಟ್ರೆಸ್. ಜಾರಿಕೊಂಡು ಬರುವುದಂತೆ, ಮಕ್ಕಳ ಹಾಗೆ... ಹೋದರಾ? ಜಾರಿಕೊಂಡೇ ಹೋದರಾ? ಬಿದ್ದರಾ? ಹೇಳಿ, ನಾನು ನೋಡುವುದಿಲ್ಲ.

ಬೀಳಲಿಲ್ಲ. ಸರಿ.

ಒಂದು ನಿಮಿಷ ಕೂತು ಏಳುತ್ತೇನೆ. ಏಳಲೇಬೇಕು. ಫೋಟೋ ಇಲ್ಲದೆ ಭಾನುವಾರ ನೂರೀನ್ ನಿಕಾಹ್‌ಗೆ ಹೋಗುವ ಹಾಗಿಲ್ಲ. ನಿಮ್ಮ ತಂಗಿ ಸಾಬೀರಾ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದಾಳಲ್ಲ, 'ಭಾಬಿ, ಕಥೆ ಓದಿ ನಕ್ಕು ನಕ್ಕು ಸಾಕಾಯಿತು, ಬೆಟ್ಟದ ತುದಿಯಲ್ಲಿ ತೆಗೆದ ಫೋಟೋ ಎಲ್ಲಿ?' ಅಂತ. ಕೊನೆಗೆ ಕಣ್ಣು ಮಿಟುಕಿಸುವ ಗೊಂಬೆ ಬೇರೆ. ಮಗಳ ಮದುವೆ ಇಟ್ಟುಕೊಂಡವಳಿಗೆ ಬೇರೆ ಕೆಲಸವಿಲ್ಲವಾ? ಭಾನುವಾರ ದಾವತ್ತಿನ ಊಟದಲ್ಲಿ ಎಲ್ಲರ ಎದುರಿಗೆ ಕೇಳುತ್ತಾಳೆ. ಕೇಳೇ ಕೇಳುತ್ತಾಳೆ.

ನಾನು ಬರೆದದ್ದು ಹಾಸ್ಯ ಕಥೆ. ಶಾಲೆಯ ವಾರ್ಷಿಕ ಸಂಚಿಕೆಗೆ. ಕಥೆ ಅಂದಮೇಲೆ ಅದಕ್ಕೆ ಅಂಶಗಳು ಬೇಕು. ಒಂಬತ್ತನೇ ತರಗತಿಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದುಕೊಡುತ್ತೇನೆ: ಪಾತ್ರ, ಸನ್ನಿವೇಶ, ಸಂಘರ್ಷ, ಪರಾಕಾಷ್ಠೆ, ಮುಕ್ತಾಯ. ಪಾತ್ರ ಯಾರು? ಬಟ್ಟೆ ಅಂಗಡಿಯ ಗಂಡ, ಶಿಕ್ಷಕಿ ಹೆಂಡತಿ. ಸನ್ನಿವೇಶ, ಬೇಸಿಗೆ ರಜೆ, ಮಧುಗಿರಿ ಕೋಟೆ. ಸಂಘರ್ಷ ಏನು? ಅರ್ಧ ಬೆಟ್ಟದಲ್ಲಿ ಗಂಡ ಮೊಣಕಾಲು ಹಿಡಿದು 'ಅಮ್ಮೀ' ಅಂತ ಕೂತುಬಿಡುತ್ತಾನೆ. ಹೆಂಡತಿ ಒಬ್ಬಳೇ ತುದಿಗೆ ಹೋಗಿ ಅಲ್ಲಿಂದ ಸೆರಗು ಬೀಸುತ್ತಾಳೆ. ಅದು ಪರಾಕಾಷ್ಠೆ! ಪರಾಕಾಷ್ಠೆ ತುದಿಯಲ್ಲಿರಬೇಕು. ಹೀಗೆ ನಡುವೆ ಕಂಬಿ ತಬ್ಬಿಕೊಂಡು... ತಬ್ಬಿಕೊಂಡಿಲ್ಲ, ಹಿಡಿದುಕೊಂಡಿದ್ದೇನೆ. ಸ್ಟಾಫ್ ರೂಮಿನಲ್ಲಿ ರಾಧಾಮಣಿ ಟೀಚರ್ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. 'ನಿಮ್ಮ ಯಜಮಾನರು ಪಾಪ' ಅಂದರು.

ಹೌದು, ತುದಿಗೆ ಹೋಗಿ ಸೆರಗು ಬೀಸುವುದನ್ನು ನಾನೇ ಸೇರಿಸಿದೆ. ಒಪ್ಪುತ್ತೇನೆ. ಕಥೆಗಾರರಿಗೆ ಅಷ್ಟು ಸ್ವಾತಂತ್ರ್ಯ ಇರುತ್ತದೆ. ಅದಕ್ಕೇ ಅಲ್ಲವೇ ಅವತ್ತಿನ ಸೀರೆಯನ್ನೇ ಉಟ್ಟು, ನಿಮಗೂ ಅವತ್ತಿನ ಶರಟನ್ನೇ ಹಾಕಿಸಿ ಕರೆದುಕೊಂಡು ಬಂದದ್ದು? ಫೋಟೋ ನೋಡಿದವರಿಗೆ ಬೇಸಿಗೆಯದೋ ದಸರಾ ರಜೆಯದೋ ಏನು ಗೊತ್ತಾಗುತ್ತದೆ? ಆದರೆ ಉಳಿದದ್ದೆಲ್ಲ ನಿಜ. ಅವತ್ತು ಇಲ್ಲಿ ಕೂತವರು ನೀವು. 'ನಾಹಿದಾ, ನನ್ನ ಮೊಣಕಾಲು ಹಿಡಿದುಕೊಂಡಿದೆ, ಇಳಿಯೋಣ' ಅಂದವರು ನೀವು. ನನ್ನ ಬಾಯಿಂದ ಒಂದು ಮಾತು ಬಂದಿತ್ತಾ? ಇಲ್ಲ. ಇಳಿಯುವಾಗ ನಿಮ್ಮ ತೋಳು ಹಿಡಿದುಕೊಂಡದ್ದು ನಿಮಗೆ ಆಸರೆಯಾಗಲಿ ಅಂತ. ಕಣ್ಣು ಮುಚ್ಚಿಕೊಂಡದ್ದು ಬಿಸಿಲಿಗೆ.

ಇವತ್ತು ಚೆನ್ನಾಗಿ ಹತ್ತಿದಿರಿ. ನಾನು ಇಲ್ಲಿ ಕೂತ ನಂತರ ಮೇಲಕ್ಕೆ ಹೋಗಿ ದಾರಿ ನೋಡಿಕೊಂಡು ಬಂದಿರಿ. ನನ್ನ ಚೀಲ ಬಿದ್ದಾಗ ಕೆಳಗಿಳಿದು ತಂದುಕೊಟ್ಟಿರಿ. ಉಸಿರು ಕೂಡ ಏರಿಲ್ಲ. ಮೊಣಕಾಲು ವಾಸಿಯಾಯಿತಾ? ಯಾವ ಡಾಕ್ಟರಿಗೆ ತೋರಿಸಿದಿರಿ? ನಾನು ಯಾರ ಹತ್ತಿರವೂ ಕರೆದುಕೊಂಡು ಹೋಗಲಿಲ್ಲ. ಎಣ್ಣೆ ಕೂಡ ಹಚ್ಚಲಿಲ್ಲ. ನೀವು ಕೇಳಲಿಲ್ಲ...

ಯಾವ ಕಾಲು ಅದು?

ಎಡವಾ, ಬಲವಾ? ಸುಲಭದ ಪ್ರಶ್ನೆ. ನಾನು ಕಥೆಯಲ್ಲಿ ಎಡಗಾಲು ಅಂತ ಬರೆದೆ. ಇಲ್ಲಿ ಕೂತಾಗ ನೀವು ಎಡಗಾಲು ಹಿಡಿದಿದ್ದಿರಿ. ಕೋಟೆಯ ಕೆಳಗಿನ ಬಾಗಿಲಿಗೆ ಬರುವಾಗ ಬಲಗಾಲು ಎಳೆಯುತ್ತಿದ್ದಿರಿ. ನಾನು ನೋಡಿದೆ. ನೋಡಿ... ನೋವು ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ವಯಸ್ಸಾದವರಿಗೆ ಹಾಗಾಗುತ್ತದೆ. ಹಾಗಾಗುತ್ತದೆ ಅಲ್ಲವಾ? ರೀ?

ಮಸೀದಿಯಲ್ಲಿ ಕಮಿಟಿಯ ಮುಜಾಮಿಲ್ ಭಾಯ್ ನಿಮಗೆ ಕುರ್ಚಿ ಹಾಕಿಸಿದ್ದಾರಂತೆ. ಶಾಲೆಯ ಸಂಚಿಕೆ ಊರೆಲ್ಲ ಓದಿದ ಮೇಲೆ. ಶುಕ್ರವಾರ ಪ್ರವಚನ ಮುಗಿಯುವವರೆಗೆ ನೀವು ಮುದುಕರ ಸಾಲಿನಲ್ಲಿ ಆ ಕುರ್ಚಿಯ ಮೇಲೆ ಕೂರುತ್ತೀರಂತೆ. ನಮಾಜಿಗೆ ನಿಂತಾಗ ಮಾತ್ರ ಪಕ್ಕಕ್ಕೆ ಸರಿಸುತ್ತೀರಂತೆ. 'ನೋವು ತಡೆದುಕೊಂಡು ನೆಲಕ್ಕೆ ಬಗ್ಗುತ್ತಾರೆ, ಎಂಥ ಭಕ್ತಿ' ಅಂತ ಅವರ ಬೀಬಿ ನನಗೆ ಹೇಳಿದರು. ನಾನು ತಲೆಯಾಡಿಸಿದೆ. ಮನೆಯಲ್ಲಿ ನಮಾಜ್ ಮುಗಿಸಿ ಗೋಡೆ ಕೂಡ ಮುಟ್ಟದೆ ನೀವು ಏಳುವುದನ್ನು ದಿನಾ ನೋಡುವವಳು ನಾನು. ತಲೆಯಾಡಿಸಿದೆ.

ಬೇಡ ಅನ್ನಬಹುದಿತ್ತಲ್ಲ! 'ನನ್ನ ಕಾಲಿಗೆ ಏನೂ ಆಗಿಲ್ಲ, ತೆಗೆಯಿರಿ ಕುರ್ಚಿ' ಅಂದಿದ್ದರೆ ಮುಗಿಯುತ್ತಿತ್ತು. ಯಾಕೆ ಅನ್ನಲಿಲ್ಲ?

ಅಂದಿದ್ದರೆ 'ಹಾಗಾದರೆ ಬೆಟ್ಟದಲ್ಲಿ ಹೆದರಿ ಕೂತವರು ಯಾರು' ಅಂತ ಕೇಳುತ್ತಿದ್ದರು. ಅದಕ್ಕಾ?

ರೀ... ಏನಾದರೂ ಹೇಳಿ. ನಿಮ್ಮ ಮಾತು ನಿಂತರೆ ಬರೀ ಗಾಳಿಯ ಸದ್ದು ಕೇಳಿಸುತ್ತದೆ, ನನಗೆ ಆಗುವುದಿಲ್ಲ. ಬೈಯಿರಿ. ನಗಬೇಕಿದ್ದರೆ ನಕ್ಕುಬಿಡಿ. ಹಾಗೆ ನೋಡಬೇಡಿ. ಅವತ್ತು ನನ್ನ ಕಾಲು ನಡುಗುತ್ತಿದ್ದದ್ದು ನಿಮಗೆ ಕಂಡಿತ್ತು. ಸೀರೆ ಇತ್ತು, ಕಾಣುವುದಿಲ್ಲ ಅಂದುಕೊಂಡಿದ್ದೆ. ಕಂಡಿತ್ತು ಅಲ್ಲವಾ? ನಾನು ಬಾಯಿ ಬಿಟ್ಟು ಹೇಳುವ ಮೊದಲೇ ನೀವು ಮೊಣಕಾಲು ಹಿಡಿದುಕೊಂಡು ಕೂತಿರಿ.

ಮತ್ತೆ ಈಗ ಮೊಣಕಾಲಿನ ಮೇಲೆ ಕೈ ಇಟ್ಟಿರಾ? ತೆಗೆಯಿರಿ! ಅದು ಬೇಡ! ಇವತ್ತು ಅದು ಬೇಡ!

ಷರೀಫ್ ಸಾಹೇಬರೇ, ಕೇಳಿ. ನಾನು ಮೇಲೆ ಹೋಗಲಾರೆ. ಕೆಳಗೂ ಇಳಿಯಲಾರೆ. ಇದನ್ನು ಸಾಬೀರಾಗೆ ಹೇಳಬೇಡಿ. ಆದರೆ ಒಂದು ಮಾತು ಇಲ್ಲೇ ತೀರ್ಮಾನವಾಗಬೇಕು. ನೀವು ನನಗೆ ಸುಳ್ಳು ಹೇಳಿದ್ದೀರಿ. ನಾನು ಅದನ್ನು ನಿಜವೆಂದು ನನ್ನ ಹೆಸರು ಹಾಕಿ ಅಚ್ಚು ಮಾಡಿಸಿದ್ದೇನೆ, ಮಕ್ಕಳು ಓದಿದ್ದಾರೆ. ಕಥೆಯಲ್ಲಿ ಹೆದರಿದವರು ನೀವು. ಹಾಗಿದ್ದಮೇಲೆ ಅವತ್ತು ನೀವು ಹೆದರಬೇಕಾಗಿತ್ತು. ಹೆದರಲಿಲ್ಲ. ಅದು ತಪ್ಪು.

ಕ್ಷಮೆ ಕೇಳಿ.