ಕಂಬದೊಳಗೆ ಕೆರೆಯೋ ಸದ್ದು

ಆ ಕಿಟಕಿ ಮುಚ್ಚಿ ಬಾರೇ... ಕಂಬದ ಬೆಳಕು ಮುಖಕ್ಕೆ ಬೀಳ್ತಿದ್ರೆ ಇದನ್ನ ಹೇಳೋಕೆ ಬಾಯಿ ಬರಲ್ಲ. ಇದು ಯಾರದೋ ಊರಿನ ಕತೆ ಅಲ್ಲ, ನಮ್ಮ ಪಕ್ಕದ ಮನೆಯವನದು. ಅದೇ, ವೈರ್‌ಮನ್ ಆಯ್ತಪ್ಪ. ಅವನ ಹೆಸರು ಅದಲ್ಲ ಬಿಡಿ. ಯಾವ ಕೆಲಸ ಹೇಳಿದ್ರೂ, ಜೇಬಿಂದ ಸ್ಕ್ರೂಡ್ರೈವರ್ ತೆಗೆಯೋ ಮುಂಚೆನೇ "ಆಯ್ತು" ಅಂತಿದ್ನಲ್ಲ, ಅದಕ್ಕೆ. ನಮ್ಮನೆ ಫ್ಯಾನು ಇವತ್ತಿಗೂ ಅವನ "ಆಯ್ತು" ಮೇಲೇ ತಿರುಗ್ತಿದೆ. ಅದರ ಕೆಳಗೆ ನಾನಂತೂ ಮಲಗಲ್ಲ.

ಆವತ್ತು ರಾತ್ರಿ ಕರೆಂಟ್ ಹೋಗಿತ್ತು. ಆಯ್ತಪ್ಪ ಬಾವಿ ದಾರೀಲಿ ಒಬ್ಬನೇ ಮನೆಗೆ ಬರ್ತಿದ್ದ. ಆ ದಾರಿ ಬಿಟ್ಟು ತುಂಬಾ ದಿನ ಆಗಿತ್ತು, ಯಾವಾಗ್ಲೂ ಸುತ್ತು ಹಾಕ್ಕೊಂಡು ಬರ್ತಿದ್ದ. ಆವತ್ತು ಕಾಲು ಸೋತಿತ್ತೋ, ಯಾರು ಎಳೆದ್ರೋ... ಬಾವಿ ದಾರೀನೇ ಹಿಡಿದ. ಉದ್ದಕ್ಕೂ ಅವನೇ ವೈರ್ ಎಳೆದಿದ್ದ ಕಬ್ಬಿಣದ ದೀಪದ ಕಂಬಗಳು, ಹಸಿರು ಬಣ್ಣದವು. ಒಂದೂ ಉರೀತಿಲ್ಲ.

ಬಾವಿ ದಾಟಿದ.

ಕರ್... ಕರ್... ಕರ್...

ಇಲಿ ಅಲ್ಲ. ಇಲಿ ನಿಲ್ಲಿಸಿ ನಿಲ್ಲಿಸಿ ಕೆರೆಯುತ್ತೆ. ಇದು ತಳ ಹಿಡಿದ ಪಾತ್ರೆನ ಉಗುರಲ್ಲಿ ಕೆರೆದ ಹಾಗೆ, ಒಂದೇ ಸಮ. ಕಂಬದ ಬುಡದಲ್ಲಿ ಒಂದು ಪುಟ್ಟ ಬಾಗಿಲಿರುತ್ತಲ್ಲ, ಬಾವಿ ಆಚೆಗಿನ ಕಂಬದ ಆ ಬಾಗಿಲೊಳಗಿಂದ ಬರ್ತಿತ್ತು. ಬಾಗಿಲು ಮುಚ್ಚೇ ಇತ್ತು.

ಪಕ್ಕದಲ್ಲಿ ಒಬ್ಬ ಹೆಂಗಸು. ಒಂಟಿ ಕಾಲಲ್ಲಿ ನಿಂತಿದ್ಲು. ಇನ್ನೊಂದು ಕಾಲಿನ ಚಪ್ಪಲಿ ಕೈಯಲ್ಲಿತ್ತು.

ಆಯ್ತಪ್ಪನಿಗೆ ಗುರುತು ಸಿಕ್ತು. ಇಡೀ ಬೀದೀಲಿ ಹಾಗೆ ನಿಲ್ತಿದ್ದವಳು ಒಬ್ಬಳೇ, ಅವನ ಅತ್ತಿಗೆ. ಆಸ್ಪತ್ರೆ ಬಟ್ಟೆ ಒಗೆಯೋ ಕೆಲಸ ಅವಳದು. ರಾತ್ರಿ ಪಾಳಿ ಮುಗಿಸಿ ಬರುವಾಗ ಹರಕು ಚಪ್ಪಲಿಗೆ ಕಲ್ಲು ಸೇರ್ತಿತ್ತು. ಕಂಬ ಹಿಡ್ಕೊಂಡು, ಒಂದು ಕಾಲೆತ್ತಿ, ಚಪ್ಪಲಿ ಕೊಡವ್ತಿದ್ಲು. ಕೊಕ್ಕರೆ ಬಂತು ಅಂತ ನಾವೇ ಆಡ್ಕೊಂಡು ನಕ್ಕಿದೀವಿ, ನಮ್ಮ ಬಾಯಿಗಿಷ್ಟು ಮಣ್ಣು ಹಾಕ. ಮಳೆಗಾಲದಲ್ಲಿ ಒಂದು ರಾತ್ರಿ ಹಾಗೇ ಬಾವಿ ಹತ್ರದ ಕಂಬ ಹಿಡಿದವಳು... ಬಿಡಲೇ ಇಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಓಡಿ ಹೋದವನು ಆಯ್ತಪ್ಪ. "ನಿನ್ನೆ ಎದೆನೋವು ಅಂತಿದ್ರು, ನನ್ನ ಹತ್ರ ಹೇಳಿದ್ರು" ಅಂದ. ಮನೆ ಮೈದುನನೇ ಹೇಳಿದ ಮೇಲೆ ಇನ್ಯಾರು ಕೇಳ್ತಾರೆ?

ನಿಜ ಅವನಿಗೆ ಗೊತ್ತಿತ್ತು. ಆ ಪುಟ್ಟ ಬಾಗಿಲೊಳಗೆ, ನೆಲಕ್ಕಿಳಿಯೋ ಅರ್ಥ್ ತಂತಿನ ಬೋಲ್ಟ್ ಹಾಕಿ ಕಂಬಕ್ಕೆ ಬಿಗೀಬೇಕು. ಎಲ್ಲಾದ್ರೂ ಕರೆಂಟ್ ಸೋರಿ ಕಂಬಕ್ಕೆ ಬಂದ್ರೆ, ಆ ತಂತಿ ಹಿಡ್ಕೊಂಡು ಹೋಗಿ ಫ್ಯೂಸ್ ಹಾರಿಸುತ್ತೆ, ಮನುಷ್ಯರನ್ನ ಉಳಿಸುತ್ತೆ. ಆದ್ರೆ ಬೋಲ್ಟ್ ಕೂರೋ ಜಾಗದಲ್ಲಿ ಮೊದಲು ಬಣ್ಣ ಕೆರೆದು ಬರೀ ಕಬ್ಬಿಣ ಕಾಣಿಸ್ಬೇಕು. ಇವನು ಕೆರೆದಿರಲಿಲ್ಲ. ಬಣ್ಣದ ಮೇಲೇ ಬಿಗಿದು "ಆಯ್ತು" ಅಂದಿದ್ದ. ನೋಡಿದ್ರೆ ತಂತಿ ಇದೆ, ಬೋಲ್ಟ್ ಇದೆ... ಕುಡುಕನ ಆಣೆ ಪ್ರಮಾಣ ಇದ್ದ ಹಾಗೆ, ಸಮಯಕ್ಕಾಗಲ್ಲ.

ಅತ್ತಿಗೆ ಸತ್ತ ಕಂಬವನ್ನ ಮಾತ್ರ ಕದ್ದುಮುಚ್ಚಿ ಸರಿ ಮಾಡಿದ. ಮಿಕ್ಕವನ್ನ ಮುಟ್ಟಲಿಲ್ಲ. ಮುಟ್ಟಿದ್ರೆ ಯಾಕಪ್ಪಾ ಅಂತ ಜನ ಕೇಳ್ತಾರಲ್ಲ. ತಾಯಿ ಇಲ್ಲದವನಿಗೆ ಕೈತುತ್ತು ಹಾಕಿ ಬೆಳೆಸಿದವಳು ಕಣ್ರೇ ಅವಳು. ಅಣ್ಣನ ಮುಖ ನೋಡಲಾರದೆ ತಲೆ ಬಗ್ಗಿಸ್ಕೊಂಡೇ ಉಣ್ತಿದ್ದ. ಪಾಪ, ಎಷ್ಟು ದುಃಖ ಅಂತಿದ್ವಿ ನಾವು.

ಈಗ ಅವಳು ತಿರುಗದೇನೇ ಪಿಸುಗುಟ್ಟಿದ್ಲು.

"ಚಾಕು ಇದ್ಯೇನೋ?"

"ಅತ್ತಿಗೆ..."

"ಉಗುರು ಸವೆದುಹೋಯ್ತು ಕಣೋ."

ಕರ್... ಕರ್...

"ನಾಳೆಯಿಂದ ಮಗಳಿಗೂ ರಾತ್ರಿ ಪಾಳಿ. ನನ್ನ ಚಪ್ಪಲೀನೇ ಮೆಟ್ಕೊಂಡು ಹೋಗ್ತಾಳಂತೆ."

ಅಷ್ಟೇ ಅಂದಿದ್ದು. "ಬೈದಿದ್ರೆ ಓಡಿಹೋಗ್ತಿದ್ದೆ, ಬೈಲಿಲ್ಲ" ಅಂತಾನೆ ಅವನು. ಹೆದರಿಕೆಗಿಂತ ನಾಚಿಕೆ ಅವನ ಕಾಲು ಕಟ್ಟಿಹಾಕ್ತು. ಮಂಡಿಯೂರಿದ. ಸೊಂಟದಿಂದ ಬೀಗದ ಕೈ ತೆಗೆದು ಬಾಗಿಲು ಬಿಚ್ಚಿದ. ಬೋಲ್ಟ್ ಸಡಿಲಿಸಿ, ಚಾಕೂಲಿ ಬಣ್ಣ ಕೆರೆದು, ತಿರುಗಿ ಬಿಗಿದ. ಬಾಯಿ ತುದಿಗೆ "ಆಯ್ತು" ಬಂತು. ನುಂಗ್ಕೊಂಡ.

ಮುಂದೆ ಟಪ್... ಅಂತು. ಆಮೇಲೆ ಸದ್ದಿಲ್ಲ. ಟಪ್... ಸದ್ದಿಲ್ಲ. ಒಂದೇ ಚಪ್ಪಲಿಯ ನಡಿಗೆ. ಮುಂದಿನ ಕಂಬದ ಹತ್ರ ನಿಂತಿತು. ಇವನೂ ಹಿಂದೇನೇ ಹೋದ. ಕೆರೆದ, ಬಿಗಿದ. ಮತ್ತೆ ಟಪ್...

ಬೆಳಕು ಹರಿಯೋ ಹೊತ್ತಿಗೆ ಚಾಕು ಮುರೀತು. ಬೀದಿ ತುದಿವರೆಗೂ ಇನ್ನೂ ಕಂಬಗಳು ಬಾಕಿ. ಅಲ್ಲೇ ಕುಸಿದು ಕೂತವನನ್ನ ಮೊದಲು ನೋಡಿದ್ದು ನಾನೇ, ನೀರಿಗೆ ಹೋದಾಗ. ಜನ ಸೇರಿದ್ರು. ಅವನ ಅಣ್ಣನೂ ಬಂದ. ಆಯ್ತಪ್ಪ ಎಲ್ಲರೆದುರಿಗೆ ಎಲ್ಲಾ ಹೇಳ್ಬಿಟ್ಟ.

"ಎದೆನೋವು ಅಂದಿದ್ದು ಸುಳ್ಳಣ್ಣ. ಅತ್ತಿಗೆ ಏನೂ ಹೇಳಿರಲಿಲ್ಲ. ನಾನೇ ಕೊಂದೆ."

"ಒದೀರಿ ಅವನಿಗೆ" ಅಂದ್ರು ಯಾರೋ. ಅಣ್ಣ ಕೈ ಎತ್ತಲಿಲ್ಲ. ಮೆಲ್ಲಗೆ ಕೇಳಿದ.

"ನನ್ನ ವಿಚಾರ... ಏನಾದ್ರೂ ಕೇಳಿದ್ಲಾ?"

"ಇಲ್ಲಣ್ಣ. ಚಾಕು ಕೇಳಿದ್ರು."

ಅಣ್ಣ ತಲೆ ಆಡಿಸಿದ. ತಮ್ಮನ ಕೈಯಿಂದ ಬೀಗದ ಕೈ ಕಿತ್ಕೊಂಡು, ಬಾಕಿ ಉಳಿದ ಕಂಬದ ಬಾಗಿಲು ತಾನೇ ಬಿಚ್ಚಿದ. ಬೋಲ್ಟ್ ತೆಗೆದ.

ಕೆರೆಯೋಕೆ ಬಣ್ಣ ಇರಲಿಲ್ಲ.

ಬೋಲ್ಟಿನ ಕೆಳಗೆ ಕಬ್ಬಿಣ ಬೆಳ್ಳಗೆ ಹೊಳೀತಿತ್ತು. ಅದರ ಮುಂದಿನದೂ ಹಾಗೇ. ಕೊನೇವರೆಗೂ ಹಾಗೇ. ಚಾಕುವಿನ ಗೀರಲ್ಲ... ಸಣ್ಣ ಸಣ್ಣ ಗೀರು, ಬೆರಳು ಜೋಡಿಸಿ ಎಳೆದ ಹಾಗೆ. ಇದ್ದಿದ್ದು ಒಂದೇ ಬೀಗದ ಕೈ, ರಾತ್ರಿಯೆಲ್ಲಾ ಆಯ್ತಪ್ಪನ ಹತ್ರಾನೇ ಇತ್ತು.

ಆಮೇಲೆ ಪೊಲೀಸು, ಕೋರ್ಟು, ಅವನ ಕೆಲಸ ಹೋಗಿದ್ದು ಎಲ್ಲಾ ನಿಮಗೆ ಗೊತ್ತಿರೋದೇ. ಗೊತ್ತಿಲ್ಲದ್ದು ಇದೊಂದೇ. ಕೊನೇ ಕಂಬದ ಬಾಗಿಲು ತೆಗೆದಾಗ ಒಳಗೆ ಒಂದು ಹಿಡಿ ಹಸಿರು ಪುಡಿ ಇತ್ತು. ಅದರ ಮೇಲೆ, ಚಪ್ಪಲಿಗೆ ಸೇರುತ್ತಲ್ಲ, ಅಂಥದೊಂದು ಸಣ್ಣ ಕಲ್ಲು. ಈ ಕೈಯಾರೆ ಎತ್ತಿ ಅವಳ ಮಗಳಿಗೆ ಕೊಟ್ಟಿದೀನಿ. ನಂಬಿಕೆ ಇಲ್ದಿದ್ರೆ ಹೋಗಿ ಕೇಳಿ... ಕನ್ನಡಿ ಹಿಂದೆ ಇಟ್ಕೊಂಡಿದಾಳೆ, ತೋರಿಸ್ತಾಳೆ.