ಆಸಿಡ್ ಅಂತ ಬರ್ಕೊಳ್ರಿ

ಅಲ್ಲೇ ನಿಂತ್ರೆ ಹೆಂಗೆ, ಕೂಡ್ರಿ ಡಾಕ್ಟ್ರೇ. ಮೊದ್ಲು ನನ್ನ ಮಾತು ಕೇಳಿ, ಆಮ್ಯಾಲೆ ನಿಮ್ಮ ಕೆಲ್ಸ... ಯಾಕ ನಗ್ತೀರಿ? ಹರಿಹರದಿಂದ ಗಿಡದ ರೋಗ ನೋಡಾಕೆ ಬಂದೋರು ಡಾಕ್ಟ್ರಲ್ದೆ ಮತ್ತೇನು?

ಈ ಬೇವಿನ ಗಿಡ ನಮ್ಮ ಯಜಮಾನ್ರು ಹಚ್ಚಿದ್ದು. ಆಗ ವಿನೋಬನಗರದ ಈ ಓಣ್ಯಾಗೆ ನೆರಳು ಅನ್ನೋದೇ ಇರ್ಲಿಲ್ಲ. ಈಗ ನೋಡ್ರಿ, ತುದಿಯಿಂದ ಒಣಗ್ತಾ ಬರ್ತೈತೆ. ಮಾಡಿದೋನು ಜಮಾಲುದ್ದೀನ. ಎದುರಿಗೆ ಬ್ಯಾಟ್ರಿ ರಿಪೇರಿ ಅಂಗಡಿ ಇಟ್ಟಿದ್ದ. ಆಸಿಡ್ ನೀರು ಬುಡಕ್ಕೆ ಸುರದಾನೆ ಅಂತ ಓಣಿ ಕೂಡಿಸ್ದೆ, ಅಂಗಡಿ ಬಿಡಿಸ್ದೆ. ವರ್ಷ ಆತು. ಈಗ ವಾಪಸ್ ಬರ್ತೀನಿ ಅಂತಾನೆ. ನೀವು ಏನು ಬರೀತೀರೋ ಅದೇ ಸೈ ಅಂದೈತೆ ಓಣಿ. ಆಸಿಡ್ ಅಂತ ಬರ್ಕೊಳ್ರಿ, ಮುಗೀತು.

ಕಣ್ಣಾರೆ ಕಂಡೆನಾ? ಕಾಣೋದೇನು ಬಂತು... ಆಸಿಡ್ ಅವನತ್ರ ಇತ್ತು, ಗಿಡ ಒಣಗ್ತು.

ಅದ್ಯಾಕ ಬುಡ ಬಗೀತೀರಿ? ಬ್ಯಾಡ್ರಿ, ಕೆರೆ ಮಣ್ಣದು, ವರ್ಷಾ ವರ್ಷಾ ನಾನೇ ಏರಿಸೀನಿ. ಮೆಕ್ಕೆಜೋಳದ ಬುಡಕ್ಕೆ ಮಣ್ಣು ಏರ್ಸಿದ್ರೆ ಗಾಳಿಗೆ ಬೀಳಲ್ಲ, ಬೇವಿಗೂ ಹಂಗೇ ಅಂತ. ಯಜಮಾನ್ರು ಬೈತಿದ್ರು: "ಜೋಳ ನಾಕು ತಿಂಗ್ಳದು ಕಣೆ, ಇದು ನಮ್ಮ ಮೊಮ್ಮಕ್ಳ ಕಾಲಕ್ಕೂ ಇರೋದು. ಕುತ್ತಿಗೆ ಮಟ ಹೂಳಬ್ಯಾಡ." ಅವ್ರು ತೀರ್ಕಂಡ ಮ್ಯಾಲೆ ಮಣ್ಣು ಮೊಣಕಾಲುದ್ದ ಆತು...

ತೊಗಟೆ ಕೈಗೇ ಬಂತಲ್ರೀ. ಆಸಿಡ್ಡಿಗೆ ಹಿಂಗೂ ಕೊಳೀತೈತಲ್ಲ? ಕೊಳಿಯಲ್ಲಾಂದ್ರೆ ಕೊಳಿಯಲ್ಲ ಅನ್ರಿ. ಹಂಗೆ ನನ್ನ ನೋಡಬ್ಯಾಡ್ರಿ.

ಗೊತ್ತಿತ್ತು ರೀ. ಓಣಿ ಕೂಡ್ಸೋ ಹಿಂದಿನ ದಿನ ನಾನೇ ಒಂದು ಗೇಣು ಬಗದು ನೋಡಿದ್ದೆ. ಮಣ್ಣಿನ ತ್ಯಾವಕ್ಕೆ ತೊಗಟೆ ಕೊಳೆತು ಇದೇ ವಾಸ್ನೆ. ಮುಚ್ಚಿ, ಮ್ಯಾಲೆ ಇನ್ನೊಂದು ಬುಟ್ಟಿ ಮಣ್ಣು ಹಾಕ್ದೆ.

ಬರ್ಕೊಳ್ರಿ, ಮಣ್ಣು ಅಂತ. ಬರ್ಲಿ ಅವನು.

ಗಿಡ ಉಳಿಯುತ್ತೋ ಇಲ್ಲೋ, ದೇವ್ರೇ ಬಲ್ಲ. ಯಜಮಾನ್ರು ಹೇಳೋದು ಹೇಳಿ ಹೋದ್ರು. ಜಮಾಲುದ್ದೀನ ಮಲೆಬೆನ್ನೂರಾಗೆ ಇನ್ನೊಬ್ರ ಅಂಗಡ್ಯಾಗೆ ಪಗಾರಕ್ಕೆ ಕೂತಾನೆ. ಅವನ ಹೆಂಡ್ತಿ ಹಜೀರಾಬೀ, ಬಾಯಿ ತುಂಬ ಅಕ್ಕಾ ಅಂತಿದ್ದಾಕಿ, ಸಂತ್ಯಾಗೆ ನನ್ನ ಕಂಡ್ರೆ ಮುಖ ತಿರುಗಿಸಿ ಹೋಗ್ತಾಳೆ. ನನಗೆ ಮಾತ್ರ, ಗಿಡದ ತಾಯಿ ಅಕ್ಕನಾಗಮ್ಮ ಅಂತ, ಹೋದ ಶ್ರಾವಣದಾಗೆ ಓಣಿಯೋರೆಲ್ಲ ಸೇರಿ ಶಾಲು ಹೊದಿಸಿದ್ರು.