ಹದಿನೇಳನೇ ಟೋಕನ್ನು

...ಟೋಕನ್ನ ಮುಖಕ್ಕೆ ಹಿಡೀಬೇಡಿ, ಕಾಣುತ್ತೆ! ಹದಿನೇಳನೇ ನಂಬರು. ಟೋಕನ್ ಕೊಟ್ರಿ, ತಗೊಳ್ಳಿ ನಿಮ್ಮ ಯಜಮಾನನ ಪಿಸ್ತೂಲು. ಇನ್ನೂ ಯಾಕೆ ನಿಂತಿದ್ದೀರಿ, ಟ್ಯಾಕೆಟ್ ಅಮ್ಮಾ? ವಿಸ್ಕಿ ಬೇಕಾ? ಬೇಡ ತಾನೇ? ಮತ್ತೆ ಹೊರಡಿ!

ನಾನು ಅಳಲಿ ಅಂತ ಕಾಯ್ತಿದ್ದೀರಾ? ಅಳಲ್ಲ. ಗಂಡ ನಿನ್ನೆ ಸತ್ತ ಅಂತ ಇವತ್ತು ಅವನ ಹೆಂಡ್ತಿ ಮುಂದೆ ಸುಳ್ಳು ಸುಳ್ಳೇ ಕಣ್ಣೊರೆಸ್ಕೊಳ್ಳೋ ಜಾತಿ ಅಲ್ಲ ಈ ಕ್ಲಿಯರಿ. ಅವನನ್ನ ಕಂಡ್ರೆ ನಂಗಾಗ್ತಿರಲಿಲ್ಲ, ಊರಿಗೇ ಗೊತ್ತು. ಟೆಕ್ಸಾಸಿಂದ ದನ ಹೊಡ್ಕೊಂಡು ಬರೋರು ನನ್ನ ಈ ಸಾರಾಯಿ ಅಂಗಡಿ ಗಿರಾಕಿಗಳು. ಅವರು ಊರೊಳಗೆ ಬಂದ ತಕ್ಷಣ ಪಿಸ್ತೂಲು ಇಲ್ಲಿ ಒಪ್ಪಿಸಿ ಟೋಕನ್ ತಗೋಬೇಕು... ಯಾರ ಕಾನೂನು? ಈ ಊರ ಪೊಲೀಸು, ನಿಮ್ಮ ಗಂಡ ಮಾರ್ಷಲ್ ಸಾಹೇಬ್ರದು! ಆ ಪಿಸ್ತೂಲು ಕಾಯೋ ಕರ್ಮ ಯಾರ್ದು? ನಂದು! ಯಾವನೋ ಮುದುಕ ಟೋಕನ್ ಕಳ್ಕೊಂಡಿದ್ದ, ಪಾಪ ಅಂತ ಅವನ ಪಿಸ್ತೂಲು ಕೊಟ್ಟೆ. ಅಷ್ಟಕ್ಕೇ ಎರಡು ದಿನ ಲಾಕಪ್ಪು! ಕೈಗೆ ಕೋಳ ಹಾಕಿ ನನ್ನ ಹೆಂಡ್ತಿ ಕಣ್ಣೆದುರೇ ಬೀದಿಲಿ ನಡೆಸ್ಕೊಂಡು ಹೋದ.

ಕೆಕ್ಕರಿಸಿ ನೋಡಬೇಡಿ. ಸುಳ್ಳಾ ಹೇಳಿ?

ಭಾನುವಾರ ಬಂದ್ರೆ ತನ್ನ ಪಿಸ್ತೂಲೂ ಇಲ್ಲೇ ನೇತುಹಾಕೋನು. "ಇವತ್ತು ನಂಗೆ ರಜ, ನಾನೂ ನಿಮ್ಮಂಗೇ" ಅಂತ! ಆ ದೊಡ್ಡಸ್ತಿಕೆನೇ ಅವನನ್ನ ತಿಂತು. ನಿನ್ನೆ ಆ ದನ ಹೊಡಿಯೋ ಶೆಲ್ಬಿ ಬಚ್ಚಿಟ್ಟಿದ್ದ ಪಿಸ್ತೂಲು ತಂದು ಬೀದಿಲಿ ಕುಣೀತಿದ್ರೆ, ಬರಿಗೈಲಿ ಎದುರು ಹೋಗಿ ಗುಂಡು ತಿನ್ನೋದಾ? ಇಲ್ಲಿಗೆ ಬಂದು ತನ್ನ ಪಿಸ್ತೂಲು ತಗೊಂಡು ಹೋಗಬಾರ್ದಿತ್ತಾ? ಬರಲಿಲ್ಲ. ಈ ಕಡೆ ತಲೇನೇ ಹಾಕಲಿಲ್ಲ! ಟೋಕನ್ ನೋಡಿದ್ರೆ ಮನೇಲಿ, ಇನ್ನೊಂದು ಕೋಟಿನ ಜೇಬಲ್ಲಿ ಆರಾಮಾಗಿ ಮಲಗಿತ್ತು...

ಏನು? ಯಾಕೆ ಹಂಗೆ ನೋಡ್ತೀರಿ?

ನೀವೇ ಹೇಳಿದ್ರಲ್ಲ, ಕೋಟಿನ ಜೇಬಲ್ಲಿ ಸಿಕ್ತು ಅಂತ. ಹೇಳಲಿಲ್ವಾ? ಹೇಳಿದ್ರಿ... ಇಲ್ಲ. ಬಂದಾಗಿಂದ ತುಟಿ ಬಿಚ್ಚಿಲ್ಲ ನೀವು.

ಬೈಯ್ಯಿರಿ ಅಮ್ಮಾ! ಏನಾದ್ರೂ ಅನ್ನಿ!

...ಬಂದಿದ್ದ. ಓಡ್ಕೊಂಡೇ ಬಂದ. "ಕ್ಲಿಯರಿ, ಬೇಗ ಕೊಡೋ, ಟೋಕನ್ನು ಇನ್ನೊಂದು ಕೋಟಲ್ಲಿದೆ" ಅಂದ. ಕೊಡ್ತಿದ್ದೆ ಕಣಮ್ಮಾ! ದೇವರಾಣೆ ಕೊಡ್ತಿದ್ದೆ. ಒಂದು ಗಳಿಗೆ ಆಟ ಆಡಿಸೋಣ ಅಂತ, ಅಷ್ಟೇ! "ಟೋಕನ್ ಎಲ್ಲಿ ಸಾಹೇಬ್ರೇ? ಕಾನೂನು ಅಂದ್ಮೇಲೆ ಕಾನೂನು" ಅಂದೆ. ಹೊರಗೆ ಯಾರೋ ಹೆಂಗಸು ಕಿರುಚಿದ್ಲು. ಅವನು ಇನ್ನೊಂದು ಸಲ ಕೇಳಲೇ ಇಲ್ಲ... "ನೀನು ಹೇಳೋದು ಸರಿ" ಅಂದ. ಹಂಗೇ ಬರಿಗೈಲಿ ತಿರುಗಿ ಹೋದ.

ನಾನು ಇನ್ನೂ ನಗ್ತಾನೇ ಇದ್ದೆ.